ನನ್ನ ಪುಟ ತೆರೆದವರು ಯಾರು?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಅಕ್ಕನ ಮನೆಗೆ ಒಂದು ಫೋನು ಬಂತು. ಮಾತನಾಡಿದವರು ತಮ್ಮ ಹೆಸರು ಹೇಳಲಿಲ್ಲ. "ನಿಮ್ಮ ಹುಡುಗ ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟಿದ್ದಾನಲ್ಲ, ಅವನ ಮೇಲೆ ಒಂದು ಕೇಸು ಕಾಣಿಸ್ತಾ ಉಂಟು. ಬೇಕಾದರೆ ಸರಿ ಮಾಡಿಸುವ, ಸ್ವಲ್ಪ ಖರ್ಚಾಗ್ತದೆ" ಎಂದರು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಅವಳ ಮನೆಯಿಂದ ಇದುವರೆಗೆ ಯಾರೂ ಠಾಣೆಯ ಮೆಟ್ಟಲು ಹತ್ತಿದವರಲ್ಲ. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಹುಡುಗನ ಮೇಲೆ ಯಾವ ಕೇಸೂ ಇರಲಿಲ್ಲ. ಕೊಲ್ಲಿಯ ದೇಶವೊಂದರಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿರುವವನು, ರಜೆಯಲ್ಲಿ ಊರಿಗೆ ಬಂದಿದ್ದ. ಫೋನು ಬಂದ ಎರಡು ದಿನಗಳ ಬಳಿಕ ಪೊಲೀಸ್ ಪರಿಶೀಲನೆಗೆ ಹೋದಾಗ ಅಲ್ಲಿಯೂ ಅದೇ ಮಾತು ಕೇಳಿತು. ಅವನ ಹೆಸರು ನಾರಾಯಣ ಎಂದಿಟ್ಟುಕೊಳ್ಳಿ. ಅದೇ ಪ್ರಾಯದ, ತಂದೆಯ ಹೆಸರೂ ಹೆಚ್ಚುಕಡಿಮೆ ಅದೇ ಆದ ನಾರಾಯಣನ್ ಎಂಬವರೊಬ್ಬರು ಬೇರೆ ತಾಲೂಕಿನ ಒಂದು ಹೊಡೆದಾಟದಲ್ಲಿ ಆರೋಪಿಯಾಗಿದ್ದರು. ಗಣಕಯಂತ್ರ ಇಬ್ಬರನ್ನೂ ಒಂದೇ ಪರದೆಯ ಮೇಲೆ ತಂದು ನಿಲ್ಲಿಸಿತ್ತು. ಇವನು ಅವನಲ್ಲ ಎಂದು ಸಾಬೀತುಪಡಿಸಲು ಹತ್ತೊಂಬತ್ತು ದಿನ ಬೇಕಾಯಿತು. ವಿಮಾನದ ಟಿಕೇಟು ರದ್ದಾಯಿತು, ಹದಿನೈದು ದಿನದ ಸಂಬಳ ಹೋಯಿತು. ಕೊನೆಗೆ ತಪ್ಪು ತಿದ್ದಿಕೊಟ್ಟರು. ತಿದ್ದಿಕೊಟ್ಟ ಅಧಿಕಾರಿ ಸಜ್ಜನರು, ಅದನ್ನು ನಾನು ಹೇಳಲೇಬೇಕು.

ಆದರೆ ನನ್ನ ತಕರಾರು ಆ ತಪ್ಪಿನ ಬಗ್ಗೆ ಅಲ್ಲ. ನಮಗೇ ಗೊತ್ತಿಲ್ಲದ ಆ ಕೇಸು ಫೋನು ಮಾಡಿದವನಿಗೆ ನಮಗಿಂತ ಎರಡು ದಿನ ಮೊದಲೇ ಗೊತ್ತಾದದ್ದು ಹೇಗೆ? ನಾನು ಹೋಗಿ ವಿಚಾರಿಸಿದೆ. "ನಮ್ಮಿಂದ ಹೋಗಿಲ್ಲ ಮಾಷ್ಟ್ರೇ" ಎಂದರು. ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಆ ಕೋಣೆಯಲ್ಲಿ ಒಂದು ಕಂಪ್ಯೂಟರು ಇತ್ತು. ಅದರ ಅಂಚಿಗೆ ಒಂದು ಚೀಟಿ ಅಂಟಿಸಿ ಗುಪ್ತಪದ ಬರೆದಿದ್ದರು. ಯಾರ ಸರದಿಯೋ ಅವರು ಬಂದು ಕೂರುತ್ತಿದ್ದರು. ಅಂಥಲ್ಲಿ "ಯಾರು ತೆರೆದರು" ಎಂಬ ಪ್ರಶ್ನೆಗೆ ಸತ್ಯವಂತನಾದವನಿಗೂ ಉತ್ತರ ಗೊತ್ತಿರುವುದು ಸಾಧ್ಯವಿಲ್ಲ. ಈ ಲೇಖನವನ್ನು ನಾನು ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಹಳೆಯ ಕಾಲದ ಠಾಣೆಯ ದಪ್ಪ ರಿಜಿಸ್ಟರನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ನ್ಯಾಯದ ಪುಸ್ತಕವೇನೂ ಆಗಿರಲಿಲ್ಲ. ಅದರಲ್ಲಿಯೂ ಸುಳ್ಳಿತ್ತು, ಲಂಚಕ್ಕೆ ತೆರೆಯುವ ಪುಟಗಳಿದ್ದವು. ಆದರೆ ಅದು ಒಂದು ಕಡೆ ಇತ್ತು. ಓದಬೇಕಾದವನು ಅಲ್ಲಿಗೆ ಬರಬೇಕಿತ್ತು, ಬಂದವನನ್ನು ನಾಲ್ಕು ಜನ ನೋಡುತ್ತಿದ್ದರು. ಹತ್ತು ಮಳೆಗಾಲ ಕಳೆದರೆ ಗೆದ್ದಲು ತನ್ನ ಪಾಲನ್ನು ತೆಗೆದುಕೊಳ್ಳುತ್ತಿತ್ತು. ಈಗಿನ ಪುಸ್ತಕಕ್ಕೆ ಗೆದ್ದಲು ಇಲ್ಲ. ಅದು ಎಲ್ಲ ಠಾಣೆಗಳಲ್ಲಿ ಏಕಕಾಲಕ್ಕೆ ತೆರೆದಿರುತ್ತದೆ, ಮತ್ತು ತೆರೆದವನ ಮುಖವನ್ನು ಯಾರೂ ನೋಡುವುದಿಲ್ಲ.

ಆ ಪುಸ್ತಕದ ಹೆಸರು ಸಿಸಿಟಿಎನ್‌ಎಸ್. 2008ರ ಮುಂಬಯಿ ದಾಳಿಯ ಬಳಿಕ, 2009ರ ಜೂನ್‌ನಲ್ಲಿ ಕೇಂದ್ರ ಸರಕಾರ 2,000 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂದು ದೇಶದ 17 ಸಾವಿರಕ್ಕೂ ಹೆಚ್ಚು ಠಾಣೆಗಳು ಇದರೊಳಗಿವೆ. ಎಫ್‌ಐಆರ್, ಬಂಧನ, ಕಾಣೆಯಾದವರು, ಕಳವಾದ ವಾಹನ, ಬಾಡಿಗೆದಾರರ ಪರಿಶೀಲನೆ, ಪಾಸ್‌ಪೋರ್ಟ್ ಪರಿಶೀಲನೆ ಎಲ್ಲವೂ ಇದರ ಸುತ್ತ ಹೆಣೆದುಕೊಂಡಿವೆ. ಇದರಿಂದ ಲಾಭವಿಲ್ಲವೆಂದು ನಾನು ಹೇಳುವುದಿಲ್ಲ. ಕಾಣೆಯಾದ ಮಗುವನ್ನು ಹುಡುಕುವ ತಾಯಿಗೆ ನಾನು ಗೌಪ್ಯತೆಯ ಪಾಠ ಹೇಳಲಾರೆ. ಆದರೆ ಸಾವಿರಾರು ಬಾಗಿಲುಗಳಿರುವ ಒಂದು ಮನೆಯಲ್ಲಿ ಊರೆಲ್ಲರ ಕುಟುಂಬದ ಸಂಗತಿಗಳನ್ನು ತುಂಬಿಸಿಟ್ಟರೆ, ಬೀಗಗಳ ಲೆಕ್ಕವನ್ನು ಕೇಳುವ ಹಕ್ಕು ಊರವರಿಗೆ ಇರಬೇಕಲ್ಲವೇ?

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾರಾಯಣ ನಾರಾಯಣನ್ ಆದದ್ದನ್ನು ಮಲಯಾಳದ ಮೇಲಿನ ದೂರಾಗಿ ನಾನು ಎತ್ತಿಕೊಂಡಿಲ್ಲ. ಈ ವಾರ್ಷಿಕದ ಅರ್ಧ ಪುಟಗಳು ಮಲಯಾಳದವು, ಅವುಗಳ ಓದುಗರು ನನ್ನ ನೆರೆಹೊರೆಯವರು. ಮಂಗಳೂರಿನಲ್ಲಿ ಅಂಗಡಿ ಇಟ್ಟಿರುವ ಮಲಯಾಳಿಯ ಹೆಸರೂ ಅಲ್ಲಿಯ ಕಾಗದದಲ್ಲಿ ಬಾಲ ಕತ್ತರಿಸಿಕೊಂಡು ನಿಲ್ಲುತ್ತದೆ. ಗಡಿಯ ಹೆಸರುಗಳ ಗತಿಯೇ ಅದು. ಮನೆಯಲ್ಲಿ ಒಂದು ರೂಪ, ಶಾಲೆಯಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮತ್ತೊಂದು. ಮನೆತನದ ಹೆಸರು ಮೊದಲು ಬರುತ್ತದೋ ಕೊನೆಗೋ, ತಂದೆಯ ಹೆಸರಿನ ಮೊದಲಕ್ಷರ ಯಾವುದು, ಇವನ್ನೆಲ್ಲ ಬರೆಯುವವನು ತನ್ನ ಕಿವಿಗೆ ಕೇಳಿದ ಹಾಗೆ ಬರೆಯುತ್ತಾನೆ. ಮನುಷ್ಯ ಓದುವಾಗ ಇದು ಅಡ್ಡಿಯಾಗುತ್ತಿರಲಿಲ್ಲ. "ಓ, ಇವರು ಆಚೆ ಗುಡ್ಡೆಯ ಮನೆಯವರು" ಎಂದು ಅವನು ತಿಳಿದುಕೊಳ್ಳುತ್ತಿದ್ದ. ಯಂತ್ರಕ್ಕೆ ಆಚೆ ಗುಡ್ಡೆ ಗೊತ್ತಿಲ್ಲ. ಹೋಲುವ ಅಕ್ಷರಗಳನ್ನು ಅದು ಒಟ್ಟಿಗೆ ತರುತ್ತದೆ. ಆದ್ದರಿಂದ ಎರಡು ಲಿಪಿಗಳ ನಡುವೆ ಬದುಕುವ ನಮಗೆ ಈ ಪುಸ್ತಕದಲ್ಲಿ ಇತರರಿಗಿಂತ ಹೆಚ್ಚು ಅಪಾಯವಿದೆ. ಮತ್ತು ಅದರಲ್ಲಿ ಬರೆದದ್ದನ್ನು ನಮ್ಮ ಹಿರಿಯರಲ್ಲಿ ಅನೇಕರು ಓದಲಾರರು. ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಮಾತು ಕೊಟ್ಟಿತ್ತು. ಅದು ಕೊಟ್ಟದ್ದು ಅರ್ಜಿ ಬರೆಯುವ ಹಕ್ಕು. ನಮ್ಮ ಬಗ್ಗೆ ಬರೆದದ್ದನ್ನು ನಮ್ಮ ಭಾಷೆಯಲ್ಲಿ ಓದುವ ಹಕ್ಕಿನ ಬಗ್ಗೆ ಆಗ ಯಾರೂ ಯೋಚಿಸಲಿಲ್ಲ.

"ಮಾಷ್ಟ್ರೇ, ಸರಕಾರದ ಕಂಪ್ಯೂಟರನ್ನು ಅಷ್ಟು ಸುಲಭದಲ್ಲಿ ಒಡೆಯಲಿಕ್ಕಾಗ್ತದಾ?" ಎಂದು ಕೇಳುವವರಿದ್ದಾರೆ. ಒಡೆಯಬೇಕೆಂದೇ ಇಲ್ಲ, ಅದು ಹಲವು ಸಲ ತೆರೆದೇ ಇರುತ್ತದೆ. 2024ರ ಮೇ ತಿಂಗಳಲ್ಲಿ ತಮಿಳುನಾಡು ಪೊಲೀಸರ ಮುಖ ಗುರುತಿಸುವ ವ್ಯವಸ್ಥೆಯೊಳಗೆ ಹೊರಗಿನವರು ಹೊಕ್ಕರು. ಬಾಗಿಲು ಒಡೆದಿರಲಿಲ್ಲ, ಒಂದು ಖಾತೆಯ ಗುಪ್ತಪದ ಪರರ ಕೈಸೇರಿತ್ತು, ಅಷ್ಟೇ. ಮರುತಿಂಗಳೇ ತೆಲಂಗಾಣದ ಸರದಿ. ಅಲ್ಲಿಯ ಪೊಲೀಸರ 'ಹಾಕ್ ಐ' ಎಂಬ ಆಪ್‌ನ ಮಾಹಿತಿ ಮಾರಾಟಕ್ಕೆ ಬಂತು. ರಾತ್ರಿ ಒಂಟಿಯಾಗಿ ಪ್ರಯಾಣ ಮಾಡುವ ಹೆಂಗಸರು ರಕ್ಷಣೆಗೆಂದು ತಮ್ಮ ಫೋನಿನಲ್ಲಿ ಇಟ್ಟುಕೊಂಡದ್ದು ಅದೇ ಆಪ್. ಪೊಲೀಸರೇ ಬಳಸುವ 'ಟಿಎಸ್‌ಕಾಪ್' ಕೂಡ ಅದೇ ವಾರಗಳಲ್ಲಿ ಸೋರಿತು. ಅದರ ಒಳಗೇ ಗುಪ್ತಪದಗಳು ಬಯಲಾಗಿ ಬರೆದಿದ್ದವೆಂದು ಪರೀಕ್ಷಿಸಿದವರು ಹೇಳಿದರು. ಕೊನೆಗೆ ಸಿಕ್ಕಿಬಿದ್ದವನು ಇಪ್ಪತ್ತರ ಹರೆಯದ ಒಬ್ಬ ವಿದ್ಯಾರ್ಥಿ.

ಬೀಗದ ವಿಷಯದಲ್ಲಿ ಯಾರ ಮಾತಿಗೂ ಕಿವಿಗೊಡದ ಚೀನಾ ದೇಶವನ್ನು ನೋಡಿ. 2022ರ ಜೂನ್ ಕೊನೆಗೆ ಶಾಂಘಾಯಿ ಪೊಲೀಸರದ್ದೆನ್ನಲಾದ, ನೂರು ಕೋಟಿ ಜನರ ವಿವರಗಳನ್ನು ಒಬ್ಬನು 10 ಬಿಟ್‌ಕಾಯಿನ್ ಬೆಲೆಗೆ ಮಾರಾಟಕ್ಕಿಟ್ಟ. ಪತ್ರಕರ್ತರು ಮಾದರಿಯಾಗಿ ಕೊಟ್ಟ ಹೆಸರುಗಳಿಗೆ ಫೋನು ಮಾಡಿ ನೋಡಿದರೆ ಹಲವು ನಿಜವಾಗಿದ್ದವು. ಯಾರು ಯಾವ ದೂರು ಕೊಟ್ಟಿದ್ದರು ಎಂಬುದೂ ಅದರಲ್ಲಿತ್ತು. ಆ ಭಂಡಾರದ ಒಂದು ಕಿಟಿಕಿ ಗುಪ್ತಪದವೇ ಇಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ತೆರೆದಿತ್ತೆಂದು ತಜ್ಞರು ಕಂಡುಕೊಂಡರು. ಪ್ರಜೆಗಳ ಮೇಲೆ ಅಷ್ಟು ಕಣ್ಣಿಟ್ಟ ಸರಕಾರಕ್ಕೆ ತನ್ನ ಕಿಟಿಕಿಯ ಮೇಲೆ ಕಣ್ಣಿಡಲು ಆಗಲಿಲ್ಲ.

ನಮ್ಮ ಜಿಲ್ಲೆಗೇ ಬರೋಣ. 2020ರ ಮಾರ್ಚ್ ಕೊನೆಯ ದಿನಗಳು ನಿಮಗೆ ಮರೆತಿರಲಾರವು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಯ ದಾರಿ ಮುಚ್ಚಿ, ಕಾಯಿಲೆಯವರು ತಲಪಾಡಿಯಿಂದ ಹಿಂತಿರುಗಿದ ದಿನಗಳು. ಮುಂದಿನ ತಿಂಗಳು ಕೋವಿಡ್‌ನಿಂದ ಗುಣವಾಗಿ ಮನೆಗೆ ಬಂದ ಕಾಸರಗೋಡಿನವರಿಗೆ ಖಾಸಗಿ ಆಸ್ಪತ್ರೆ, ಸಂಸ್ಥೆಗಳ ಹೆಸರಿನಲ್ಲಿ ಕರೆಗಳು ಬರತೊಡಗಿದವೆಂಬ ದೂರು ಎದ್ದಿತು. ಕರೆ ಮಾಡಿದವರಿಗೆ ಹೆಸರು, ರೋಗ, ಚಿಕಿತ್ಸೆಯ ವಿವರ ಎಲ್ಲ ಗೊತ್ತಿತ್ತು. ಮನುಷ್ಯರಿಗೆ ದಾರಿ ಮುಚ್ಚಿದ್ದ ಕಾಲದಲ್ಲಿ ಮಾಹಿತಿಗೆ ದಾರಿ ಇತ್ತು. ಯಾವ ಪಟ್ಟಿಯಿಂದ ಹೋಯಿತು ಎಂಬುದಕ್ಕೆ ಊರವರಿಗೆ ಸಮಾಧಾನವಾಗುವ ಉತ್ತರ ಸಿಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಕೇರಳ ಪೊಲೀಸರು ರೋಗಿಗಳ ಫೋನ್ ಕರೆಗಳ ದಾಖಲೆಯನ್ನೇ ಕಂಪೆನಿಗಳಿಂದ ಕೇಳಿದರು. ವಿಷಯ ಹೈಕೋರ್ಟಿಗೆ ಹೋದ ಮೇಲೆ, ಫೋನು ಯಾವ ಗೋಪುರದ ಬಳಿ ಇತ್ತೆಂಬ ವಿವರವಷ್ಟೇ ಸಾಕೆಂದು ಸರಕಾರ ಹೇಳಿತು. ಸಾಕೆಂದಾದರೆ ಹೆಚ್ಚು ಕೇಳಿದ್ದು ಏಕೆ? ಅದಕ್ಕೂ ಮೊದಲು, 2019ರಲ್ಲಿ, ಪಾಸ್‌ಪೋರ್ಟ್ ಪರಿಶೀಲನೆಯ ತಂತ್ರಾಂಶ ಮಾಡುವುದಕ್ಕಾಗಿ ಒಂದು ಸಹಕಾರ ಸಂಘಕ್ಕೆ ಪೊಲೀಸರ ಮಾಹಿತಿ ಭಂಡಾರದ ಪ್ರವೇಶ ಕೊಡಲು ಹೊರಟಾಗಲೂ ಕೇರಳ ಹೈಕೋರ್ಟು ತಾತ್ಕಾಲಿಕ ತಡೆ ಕೊಡಬೇಕಾಯಿತು. ಆ ಸಂಘ ಕೆಟ್ಟದ್ದೆಂದು ನನ್ನ ವಾದವಲ್ಲ. ಮನೆ ಕಟ್ಟುವ ಮೇಸ್ತ್ರಿಗೆ ಖಾಲಿ ಕೋಣೆ ತೋರಿಸಿದರೆ ಸಾಕು, ಕಪಾಟಿನ ಬೀಗದ ಕೈ ಕೊಡಬೇಕಾಗಿಲ್ಲ. ತಂತ್ರಾಂಶ ಪರೀಕ್ಷಿಸಲು ಸುಳ್ಳು ಹೆಸರುಗಳ ಪಟ್ಟಿ ಸಾಕೆಂಬುದು ಆ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ.

ಇನ್ನು ಎಲ್ಲರ ಬಾಯಲ್ಲಿರುವ ಆ ಮಾತು: "ತಪ್ಪು ಮಾಡದವನಿಗೆ ಹೆದರಿಕೆ ಯಾಕೆ?" ವಿದ್ಯಾವಂತರೇ ಇದನ್ನು ಹೆಚ್ಚಾಗಿ ಹೇಳುವುದನ್ನು ಕೇಳಿದ್ದೇನೆ. ಉತ್ತರಕ್ಕೆ ನಾನು ಪೊಲೀಸರನ್ನೇ ಸಾಕ್ಷಿಗೆ ಕರೆಯುತ್ತೇನೆ. ಉತ್ತರ ಐರ್ಲೆಂಡಿನಲ್ಲಿ ಪೊಲೀಸರೆಂದರೆ ಉಗ್ರರ ಗುರಿ. ಅನೇಕರು ತಮ್ಮ ಉದ್ಯೋಗವನ್ನು ನೆರೆಯವರಿಂದಲೂ ಬಚ್ಚಿಟ್ಟು ಬದುಕುತ್ತಾರೆ. 2023ರ ಆಗಸ್ಟ್ 8ರಂದು, ಯಾರೋ ಮಾಹಿತಿ ಹಕ್ಕಿನಲ್ಲಿ ಕೇಳಿದ ಅಂಕಿಅಂಶಕ್ಕೆ ಉತ್ತರ ಕೊಡುವಾಗ, ಅಲ್ಲಿಯ ಪೊಲೀಸ್ ಇಲಾಖೆ ಲೆಕ್ಕಪಟ್ಟಿಯ ಮರೆಯಾಗಿದ್ದ ಒಂದು ಹಾಳೆಯನ್ನೂ ಜತೆಗೆ ಕಳುಹಿಸಿಬಿಟ್ಟಿತು. ಇಲಾಖೆಯ 9,483 ಮಂದಿಯ ಮನೆತನದ ಹೆಸರು, ಹುದ್ದೆ, ಕೆಲಸ ಮಾಡುವ ಜಾಗ ಎಲ್ಲ ಅದರಲ್ಲಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ಜಗತ್ತೇ ಓದುವಂತೆ ಬಯಲಲ್ಲಿ ಬಿದ್ದಿತ್ತು. ಕೈಬಿಟ್ಟ ಒಂದು ಹಾಳೆಗಾಗಿ 2024ರಲ್ಲಿ ಆ ಇಲಾಖೆಗೆ 7,50,000 ಪೌಂಡ್ ದಂಡ ಬಿತ್ತು. ಆ 9,483 ಮಂದಿ ಏನು ತಪ್ಪು ಮಾಡಿದ್ದರು? ಅವರ ಮಕ್ಕಳು ಏನು ತಪ್ಪು ಮಾಡಿದ್ದರು? ಬೀಗ ಹಾಕುವುದು ಕಳ್ಳನಲ್ಲ, ಮನೆಯಿರುವವನು. ನಮ್ಮ ಪೊಲೀಸರೂ ಈ ವಾದದಲ್ಲಿ ನಮ್ಮ ಕಡೆಗೆ ನಿಲ್ಲಬೇಕಾದವರು. ಅವರ ವಿಳಾಸಗಳೂ ಅದೇ ಯಂತ್ರಗಳಲ್ಲಿವೆ.

ಠಾಣೆಯ ಪುಸ್ತಕದಲ್ಲಿ ಆರೋಪಿಗಳ ಹೆಸರು ಮಾತ್ರ ಇರುವುದೆಂದು ತಿಳಿದವರೂ ಇದ್ದಾರೆ. ಅದರಲ್ಲಿ ದೂರು ಕೊಟ್ಟವರಿದ್ದಾರೆ, ಸಾಕ್ಷಿಗಳಿದ್ದಾರೆ, ಗಂಡನ ಹೊಡೆತ ತಾಳಲಾರದೆ ಒಂದು ಸಲ ಹೋಗಿ ಬರೆಸಿ, ಬಳಿಕ ರಾಜಿಯಾಗಿ ಮನೆಗೆ ಬಂದ ಹೆಂಗಸರಿದ್ದಾರೆ. ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಹಾಕಬೇಕೆಂದಿತು. ತನ್ನ ಮೇಲಿನ ಆರೋಪ ಏನೆಂದು ಆರೋಪಿಗೆ ತಿಳಿಯಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕಿತ್ತು. ಲೈಂಗಿಕ ಅಪರಾಧಗಳಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಡಬೇಕೆಂದೂ ಹೇಳಿತು. ಆದರೆ ಯಾವುದು ಸೂಕ್ಷ್ಮ ಎಂದು ತೀರ್ಮಾನಿಸುವವರು ಅಧಿಕಾರಿಗಳು. ಆ ಹೆಂಗಸನ್ನು ಯಾರೂ ಕೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಹರೆಯದಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಆ ದಾವೆಯಲ್ಲಿಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಗೌಪ್ಯತೆ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕಿನ ಗತಿ ನೋಡಿ. 2022ರಲ್ಲಿ ಬಂದ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬೆರಳಚ್ಚು ಮಾತ್ರವಲ್ಲ, ಕಣ್ಣಿನ ಪಾಪೆಯ ಗುರುತು, ದೇಹದ ಮಾದರಿಗಳನ್ನೂ ಸಂಗ್ರಹಿಸಿ 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಖುಲಾಸೆಯಾದರೆ ಅಳಿಸಬೇಕೆಂದಿದೆ, ಆದರೆ ಮೇಲ್ಮನವಿಗಳೆಲ್ಲ ಮುಗಿದ ಮೇಲೆ. ನಮ್ಮ ಕೋರ್ಟುಗಳ ವೇಗ ನಿಮಗೆ ಗೊತ್ತಿದೆ.

2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮನ್ನು ಕಾಪಾಡುತ್ತದೆಂದು ಹೇಳಿದರು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳ ಸಮಯ. ನಾನು ಅದರ 17ನೆಯ ಕಲಮನ್ನು ಕೂತು ಓದಿದೆ. ಅಪರಾಧ ತಡೆ ಮತ್ತು ತನಿಖೆಗಾಗಿ ಇಟ್ಟ ಮಾಹಿತಿಗೆ ಅದು ವಿನಾಯಿತಿ ಕೊಡುತ್ತದೆ. ಭದ್ರವಾಗಿ ಇಡಬೇಕೆಂಬ ಕರ್ತವ್ಯ ಉಳಿದಿದೆ. ಆದರೆ ಸೋರಿದರೆ ನಮಗೆ ತಿಳಿಸಬೇಕೆಂಬ ಕರ್ತವ್ಯ ಅಲ್ಲಿ ಅನ್ವಯಿಸುವುದಿಲ್ಲ. ನಮ್ಮ ಬಗ್ಗೆ ಏನಿದೆ ಎಂದು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕೂ ಅನ್ವಯಿಸುವುದಿಲ್ಲ. ಅಂದರೆ, ಬಾಗಿಲಿಗೆ ಬೀಗ ಹಾಕಬೇಕು, ಬೀಗ ಮುರಿದರೆ ಮನೆಯವರಿಗೆ ಹೇಳಬೇಕಾಗಿಲ್ಲ! ಫೋನಿನ ಕಂಪೆನಿಯಿಂದ ನಮ್ಮ ನಂಬರು ಸೋರಿದರೆ ಅದು ನಮಗೆ ತಿಳಿಸಬೇಕು. ಠಾಣೆಯಿಂದ ನಮ್ಮ ಮಾನವೇ ಸೋರಿದರೆ ತಿಳಿಸುವ ಹಂಗಿಲ್ಲ. ಇದನ್ನು ಒಪ್ಪಿಕೊಳ್ಳಲು ನಾನು ತಯಾರಿಲ್ಲ.

ತನಿಖೆಯ ಗುಟ್ಟು ಬಯಲಾಗಬಾರದು ಎಂಬ ಉತ್ತರ ಬರುತ್ತದೆ. ಒಪ್ಪಿದೆ. ನಡೆಯುತ್ತಿರುವ ತನಿಖೆಯ ಕಡತವನ್ನು ನಾನು ಕೇಳುತ್ತಿಲ್ಲ. ನಾನು ಕೇಳುವುದು ನಾಲ್ಕೇ ಸಂಗತಿ. ಒಂದು, ಠಾಣೆಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಪ್ರವೇಶ ಇರಲಿ, ಚೀಟಿಯ ಗುಪ್ತಪದ ನಿಲ್ಲಲಿ. ಎರಡು, ಯಾವ ಪುಟವನ್ನು ಯಾರು, ಯಾವಾಗ, ಏಕೆ ತೆರೆದರೆಂಬುದು ತಾನಾಗಿ ದಾಖಲಾಗಲಿ, ಆ ದಾಖಲೆಯನ್ನು ಇಲಾಖೆಯ ಹೊರಗಿನವರು ಪರಿಶೀಲಿಸಲಿ. ತನಿಖೆ ಮುಗಿದ ಮೇಲೆ ಪುಟದ ಒಡೆಯನೂ ಅದನ್ನು ನೋಡುವಂತಾಗಲಿ. ಮೂರು, ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಲಿ. ನಾಲ್ಕು, ನಮ್ಮ ಬಗ್ಗೆ ಬರೆದದ್ದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ, ಹೆಸರು ವಿಳಾಸದ ತಪ್ಪನ್ನು ನಿಗದಿತ ದಿನದೊಳಗೆ ತಿದ್ದಲಿ.

ಇವು ಆಕಾಶದಿಂದ ಇಳಿಸಿದ ಬೇಡಿಕೆಗಳಲ್ಲ. ಪೊಲೀಸ್ ಮಾಹಿತಿಯನ್ನು ಯಾರು ನೋಡಿದರು, ಯಾವ ದಿನ, ಯಾವ ಹೊತ್ತು, ಯಾವ ಕಾರಣಕ್ಕೆ ಎಂದು ತಿಳಿಯುವಂಥ ದಾಖಲೆ ಇರಬೇಕೆಂದು ಐರೋಪ್ಯ ಒಕ್ಕೂಟ 2016ರಲ್ಲಿಯೇ ತನ್ನ ದೇಶಗಳಿಗೆ ಕಡ್ಡಾಯ ಮಾಡಿತು. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಪ್ರಜೆಯು ಸರಕಾರದ ಹಲವು ದಾಖಲೆಗಳಲ್ಲಿ ತನ್ನ ವಿವರವನ್ನು ಯಾವ ಕಚೇರಿ ತೆರೆಯಿತೆಂದು ಮನೆಯಲ್ಲೇ ಕೂತು ನೋಡಬಹುದು. ಆ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯದೂ 13 ಲಕ್ಷವೇ. ಅಲ್ಲಿ ಆಗುವುದು ಇಲ್ಲಿ ಆಗುವುದಿಲ್ಲವೆನ್ನಲು ತಂತ್ರಜ್ಞಾನದ ಕಾರಣ ಯಾವುದೂ ಇಲ್ಲ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ದೂರು ಕೊಟ್ಟರೆ ಎಫ್‌ಐಆರ್‌ನ ಪ್ರತಿ ಉಚಿತವಾಗಿ ಸಿಗಬೇಕು, ಅದನ್ನು ಕೇಳಿ ಪಡೆಯಿರಿ. ಮಲಯಾಳ ಓದಲು ಬಾರದಿದ್ದರೆ ಓದಿಸಿ ಕೇಳದೆ ಸಹಿ ಹಾಕಬೇಡಿ. ಹೆಸರು, ಮನೆತನ, ತಂದೆಯ ಹೆಸರಿನ ಅಕ್ಷರಗಳನ್ನು ಅಲ್ಲೇ ತಿದ್ದಿಸಿ. ತಪ್ಪು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಕನ್ನಡದಲ್ಲಿಯೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಈ ವ್ಯವಸ್ಥೆಗೆ ಎಷ್ಟು ಜನರಿಗೆ ಪ್ರವೇಶವಿದೆ, ಅದರ ಭದ್ರತೆಯನ್ನು ಕೊನೆಯದಾಗಿ ಪರಿಶೀಲಿಸಿದ್ದು ಯಾವಾಗ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶಾಲೆ, ಅಧ್ಯಾಪಕರ ನೇಮಕ, ನಾಮಫಲಕಗಳಿಗಾಗಿ ಹೋರಾಡಿದ ನಮ್ಮ ಸಂಘಟನೆಗಳು ಈ ನಾಲ್ಕು ಬೇಡಿಕೆಗಳನ್ನೂ ತಮ್ಮ ಮನವಿಯಲ್ಲಿ ಸೇರಿಸಿಕೊಳ್ಳಲಿ. ಬಸ್ಸಿನ ಫಲಕದ ಮೇಲಿನ ಹೆಸರಿಗಿಂತ ಠಾಣೆಯ ಪರದೆಯ ಮೇಲಿನ ಹೆಸರು ನಮ್ಮ ಮಕ್ಕಳನ್ನು ಹೆಚ್ಚು ಕಾಲ ಹಿಂಬಾಲಿಸುತ್ತದೆ.

ಹುಡುಗ ಮರಳಿ ಕೆಲಸಕ್ಕೆ ಹೋದ. ಅಕ್ಕ ಈಗ ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುವುದಿಲ್ಲ. ಮಗ ಬೇರೆ ನಂಬರಿನಿಂದ ಮಾಡಿದಾಗಲೂ ಎರಡು ಸಲ ಎತ್ತಲಿಲ್ಲ. ಆ ಸಂಜೆ ಕರೆ ಮಾಡಿದವನು ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ. ಅವನಿಗೆ ಮಾತ್ರ ನಮ್ಮ ಮನೆಯ ದಾರಿ ಗೊತ್ತಿದೆ. ನನ್ನ ಪುಟವನ್ನು ತೆರೆಯುವ ಅಧಿಕಾರ ಸರಕಾರಕ್ಕೆ ಇರಲಿ. ತೆರೆದವನ ಹೆಸರನ್ನು ಕೇಳುವ ಅಧಿಕಾರ ನನಗೂ ಇರಲಿ.